ಕೊಕ್ಕನ್ನು ನಂಬಿದ ವರ್ಗೀಕರಣ

ಕರಾವಳಿಯ ಟ್ರಾಲ್ ಬೋಟುಗಳ ಬಲೆಯಲ್ಲಿ ಮೀನು, ಸಿಗಡಿಗಳ ಜೊತೆ ಕಡಲ ಹಾವುಗಳೂ ಮೇಲೆ ಬರುವುದುಂಟು. ದೋಣಿಯ ಹುಟ್ಟಿನಂತೆ ಚಪ್ಪಟೆಯಾದ ಬಾಲ ಕಂಡರೆ ಕಡಲ ಹಾವೆನ್ನಲು ಅಡ್ಡಿಯಿಲ್ಲ. ಯಾವ ಕಡಲ ಹಾವು ಎಂಬುದೇ ಕಷ್ಟದ ಪ್ರಶ್ನೆ. ಮೈಮೇಲಿನ ಹುರುಪೆಗಳನ್ನು ಸಾಲುಸಾಲಾಗಿ ಎಣಿಸಬೇಕು, ತಲೆಯ ಫಲಕಗಳ ಜೋಡಣೆ ನೋಡಬೇಕು. ಇಷ್ಟಾದ ಮೇಲೂ ಕೊಕ್ಕಿನ ಕಡಲ ಹಾವು ಬಲ್ಲವರನ್ನೇ ದಶಕಗಟ್ಟಲೆ ಏಮಾರಿಸಿತು.

ಇದರ ಮೂತಿಯ ಫಲಕ ಕೊಕ್ಕಿನ ಹಾಗೆ ಕೆಳಕ್ಕೆ ಇಳಿದಿದೆ. ಅಳಿವೆಗಳ ಕದಡಿದ ನೀರು ಇದಕ್ಕೆ ಪ್ರಿಯ. ಮುಳ್ಳಿರುವ ಕ್ಯಾಟ್‌ಫಿಶ್ ಇದರ ಮುಖ್ಯ ಆಹಾರ. ಪರ್ಶಿಯನ್ ಕೊಲ್ಲಿಯಿಂದ ಉತ್ತರ ಆಸ್ಟ್ರೇಲಿಯದವರೆಗೂ ಇರುವುದು ಇದೊಂದೇ ಪ್ರಭೇದವೆಂದು ಪುಸ್ತಕಗಳು ಹೇಳುತ್ತಿದ್ದವು. 2013ರಲ್ಲಿ ಪ್ರಕಟವಾದ ಡಿಎನ್‌ಎ ಅಧ್ಯಯನ ಅದನ್ನು ಅಲ್ಲಗಳೆಯಿತು. ಏಷ್ಯಾದ್ದು ಹೈಡ್ರೋಫಿಸ್ ಶಿಸ್ಟೋಸಸ್, ಆಸ್ಟ್ರೇಲಿಯ–ನ್ಯೂಗಿನಿಯದ್ದು ಹೈಡ್ರೋಫಿಸ್ ಜ್ವೈಫೆಲಿ. ಇವೆರಡೂ ಹತ್ತಿರದ ನೆಂಟರೂ ಅಲ್ಲ! ಒಂದೇ ಬಗೆಯ ಬದುಕು ಎರಡು ಬೇರೆ ವಂಶಗಳಿಗೆ ಒಂದೇ ಮುಖ ಕೊಟ್ಟಿತ್ತು.

ಇಂಥ ಅಧ್ಯಯನಗಳಿಂದಾಗಿ ಎನ್‌ಹೈಡ್ರಿನಾ, ಲ್ಯಾಪೆಮಿಸ್, ಪೆಲಾಮಿಸ್ ಎಂಬ ಹಳೆಯ ಕುಲಗಳು ಹೈಡ್ರೋಫಿಸ್‌ನಲ್ಲಿ ಸೇರಿಹೋದವು. ಪರಿಚಿತ ಹೆಸರುಗಳು ಹೋದದ್ದಕ್ಕೆ ಬೇಸರಪಡುವವರಿದ್ದಾರೆ. ಆದರೆ ಹೆಸರು ರಕ್ತಸಂಬಂಧವನ್ನು ಹೇಳದಿದ್ದರೆ ವರ್ಗೀಕರಣಕ್ಕೆ ಅರ್ಥವೇ ಇಲ್ಲ. ಕೊಕ್ಕು, ಬಣ್ಣ, ದಪ್ಪ ತಲೆ ಇವೆಲ್ಲ ಕೆಲವೇ ದಶಲಕ್ಷ ವರ್ಷಗಳಲ್ಲಿ ಬದಲಾದ ವೇಷಗಳು.

ಎಲ್ಲ ಕಡಲ ಹಾವುಗಳೂ ನಾಗರಹಾವು, ಕಟ್ಟುಹಾವುಗಳ ಕುಟುಂಬಕ್ಕೇ ಸೇರಿದವು. ಆದರೂ ಕಡಲಿಗೆ ಇಳಿದ ದಾರಿ ಒಂದಲ್ಲ. ಲ್ಯಾಟಿಕಾಡ ಕುಲದವು ಪ್ರತ್ಯೇಕವಾಗಿ ಇಳಿದವು, ನೆಲದ ಹಂಗನ್ನು ಇನ್ನೂ ಪೂರ್ತಿ ಬಿಟ್ಟಿಲ್ಲ. ಅಂಡಮಾನಿನಲ್ಲೂ ಇರುವ ಇವು ದಡದ ಬಂಡೆಗಳಿಗೆ ಬಂದು ವಿರಮಿಸುತ್ತವೆ, ಮೊಟ್ಟೆಯಿಡುವುದೂ ದಡದಲ್ಲೇ. ಹೈಡ್ರೋಫಿಸ್‌ಗಳು ನೀರಿನಲ್ಲೇ ಮರಿ ಹಾಕುತ್ತವೆ.

ಹಂಚಿಕೆಯಲ್ಲಿ ಹಳದಿ ಹೊಟ್ಟೆಯ ಕಡಲ ಹಾವಿಗೆ ಸಾಟಿಯಿಲ್ಲ. ಆಫ್ರಿಕದ ಪೂರ್ವ ತೀರದಿಂದ ಮಧ್ಯ ಅಮೆರಿಕದ ಪೆಸಿಫಿಕ್ ತೀರದವರೆಗೆ ತೆರೆದ ಸಾಗರದಲ್ಲಿ ತೇಲುತ್ತಾ ಬದುಕುವ ಇದಕ್ಕೂ ಕುಡಿಯಲು ಸಿಹಿನೀರೇ ಬೇಕು. ಮಳೆ ಸುರಿದಾಗ ಕಡಲ ಮೇಲೆ ತೆಳುವಾಗಿ ನಿಲ್ಲುವ ನೀರನ್ನು ಕುಡಿಯುತ್ತದೆ. ಇಷ್ಟು ದೂರ ಹರಡಿದ ಹಾವು ಅಟ್ಲಾಂಟಿಕ್‌ನಲ್ಲಿ ನೆಲೆಸಿಲ್ಲ. ಆಫ್ರಿಕದ ನೈಋತ್ಯ ತೀರದ ಬೆಂಗ್ವೆಲಾ ಪ್ರವಾಹದ ಚಳಿ ಒಂದು ಕಡೆ ತಡೆಯುತ್ತದೆ. ಇನ್ನೊಂದು ಕಡೆ, ಹಾವು ಅಮೆರಿಕದ ತೀರ ಮುಟ್ಟುವ ಹೊತ್ತಿಗೆ ಪನಾಮದ ಭೂಸಂಧಿ ಎದ್ದು ಎರಡು ಸಾಗರಗಳ ನಡುವಿನ ದಾರಿ ಮುಚ್ಚಿಹೋಗಿತ್ತು.