ಲಾರ್ಡ್ ರೇಲಿಯವರ ಕುಹರ ಪ್ರಬಂಧ

ಹನಿ ನೀರು ಕಲ್ಲನ್ನು ಸವೆಸುವುದು ಎಲ್ಲರೂ ಕಂಡ ಸಂಗತಿ. ಆದರೆ ಅದಕ್ಕೆ ತಲೆಮಾರುಗಳೇ ಬೇಕು. ಹಡಗಿನ ಪ್ರೊಪೆಲರಿನ ಅಲಗೂ ಪಂಪಿನ ಇಂಪೆಲರೂ ಕೆಲವೊಮ್ಮೆ ತಿಂಗಳುಗಳೊಳಗಾಗಿಯೇ ಜೇನುಹುಟ್ಟಿನಂತೆ ತೂತುಬೀಳುವುದಕ್ಕೆ ಕಾರಣವು ಬೇರೆಯೇ ಆಗಿರಬೇಕು. ಆ ಕಾರಣವನ್ನು ಗಣಿತಮುಖದಿಂದ ನಿರೂಪಿಸಿದ ಲಾರ್ಡ್ ರೇಲಿಯವರ ಪ್ರಬಂಧವು ೧೯೧೭ರಲ್ಲಿ ‘ಫಿಲಸಾಫಿಕಲ್ ಮ್ಯಾಗಜೀನ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಐದೇ ಪುಟಗಳ ಈ ಬರಹವು ಒಂದು ಶತಮಾನಕ್ಕೂ ಮೀರಿ ಆಕರದ ಗೌರವವನ್ನು ಪಡೆದಿದೆ. ಗೌರವ ಹೆಚ್ಚಿದೆಡೆ ಓದು ಕಡಮೆಯಾಗುವುದುಂಟು. ಪ್ರಬಂಧವು ಹೇಳದಿದ್ದುದನ್ನೂ ಅದಕ್ಕೆ ಆರೋಪಿಸಿರುವುದು ಕಾಣಬರುತ್ತದೆ.

ಹರಿಯುವ ನೀರಿನ ಒತ್ತಡವು ಒಂದು ಮೇರೆಗಿಂತ ಕೆಳಗಿಳಿದರೆ ನೀರು ತಣ್ಣಗಿರುವಾಗಲೇ ಕುದಿಯುತ್ತದೆ. ೨೦ ಡಿಗ್ರಿ ಸೆಂಟಿಗ್ರೇಡಿನಲ್ಲಿ ಆ ಮೇರೆ ವಾಯುಮಂಡಲದ ಒತ್ತಡದ ಸುಮಾರು ನಲವತ್ತಮೂರನೆಯ ಒಂದು ಪಾಲು. ಪಂಪಿನಲ್ಲಿ ನೀರು ಇಂಪೆಲರನ್ನು ಹೊಗುವ ಬಾಯಿಯ ಬಳಿ ಒತ್ತಡವು ಹೀಗೆ ಕುಗ್ಗಿ ಆವಿಯ ಗುಳ್ಳೆಗಳು ಏಳುವುವು. ಪ್ರವಾಹದೊಡನೆ ಸಾಗಿ, ಒತ್ತಡ ಹೆಚ್ಚಿರುವೆಡೆಗೆ ಬಂದೊಡನೆ ಕುಸಿಯುವುವು. ಲೋಹಕ್ಕೆ ಗಾಯವಾಗುವುದು ಗುಳ್ಳೆ ಹುಟ್ಟಿದೆಡೆಯಲ್ಲಲ್ಲ, ಅಳಿದೆಡೆಯಲ್ಲಿ. ೧೮೯೫ರಲ್ಲಿ ಥಾರ್ನಿಕ್ರಾಫ್ಟ್ ಮತ್ತು ಬಾರ್ನಬಿಯವರು ‘ಡೇರಿಂಗ್’ ಎಂಬ ಯುದ್ಧನೌಕೆ ವೇಗದಲ್ಲಿ ಕೊರತೆಬಿದ್ದುದನ್ನು ವಿವೇಚಿಸುತ್ತ, ಆರ್. ಇ. ಫ್ರೌಡರು ಸೂಚಿಸಿದ ‘ಕ್ಯಾವಿಟೇಷನ್’ ಎಂಬ ಹೆಸರನ್ನು ಬಳಕೆಗೆ ತಂದರು. ಕನ್ನಡದಲ್ಲಿ ಇದನ್ನು ‘ಕುಹರಣ’ವೆನ್ನಬಹುದು. ಹೆಸರು ಪೊಳ್ಳಿನ ಹುಟ್ಟನ್ನು ಮಾತ್ರ ಸೂಚಿಸುತ್ತದೆ. ಕೇಡಿರುವುದು ಅದರ ಅಳಿವಿನಲ್ಲಿ!

ರೇಲಿಯವರ ಉಪಕ್ರಮವು ರಮ್ಯವಾಗಿದೆ. ಕಾಯುತ್ತಿರುವ ನೀರು ಕೆಟಲಿನಲ್ಲಿ ಮಾಡುವ ಸದ್ದನ್ನು ಕುರಿತ ಆಸ್ಬರ್ನ್ ರೆನಾಲ್ಡ್ಸರ ವರ್ಣನೆಯನ್ನು ಓದಿ ಅವರು ಈ ವಿಚಾರಕ್ಕೆ ತೊಡಗಿದರು. ಅಷ್ಟರಲ್ಲಿ ಪ್ರೊಪೆಲರುಗಳ ವಿಷಯವಾಗಿ ಪಾರ್ಸನ್ಸರೂ ಇದರಲ್ಲಿ ಆಸಕ್ತರೆಂದು ತಿಳಿದುಬಂತು. ಬೆಸಂಟರ ೧೮೫೯ರ ಗಣಿತವನ್ನು ಆಧರಿಸಿ ಕುಕ್ ಎಂಬವರು ಆಗಲೇ ಲೆಕ್ಕಮಾಡಿದ್ದರೆಂಬುದನ್ನು ರೇಲಿಯವರು ಮೊದಲಲ್ಲೇ ಒಪ್ಪಿಕೊಳ್ಳುತ್ತಾರೆ. ಮುಂದಿನ ನಡೆ ಸರಳ. ಹೊರಗಿನ ಒತ್ತಡವು ಮಾಡಿದ ಕೆಲಸವೆಲ್ಲ ಒಳಕ್ಕೆ ನುಗ್ಗುವ ನೀರಿನ ಚಲನಶಕ್ತಿಯಾಗುವುದೆಂಬ ಒಂದೇ ತತ್ತ್ವದಿಂದ ಉಳಿದುದೆಲ್ಲ ಹೊರಡುತ್ತದೆ. ಒಂದು ಸೆಂಟಿಮೀಟರ್ ತ್ರಿಜ್ಯದ ಬರಿದಾದ ಕುಹರವು ವಾಯುಮಂಡಲದ ಒತ್ತಡಕ್ಕೆ ಸಿಕ್ಕಿ ಅಳಿಯಲು ಸೆಕೆಂಡಿನ ಸುಮಾರು ೧,೧೦೦ನೆಯ ಒಂದು ಪಾಲು ಸಾಕು.

ವಿವಾದಾಸ್ಪದವಾದುದು ಮುಂದಿನ ಎರಡು ಸಂಖ್ಯೆಗಳು. ಕುಹರದ ತ್ರಿಜ್ಯವು ಇಪ್ಪತ್ತನೆಯ ಒಂದು ಪಾಲಿಗೆ ಇಳಿದಾಗ, ಸುತ್ತಣ ನೀರಿನೊಳಗೇ ೧,೨೬೦ ವಾಯುಮಂಡಲಗಳಷ್ಟು ಒತ್ತಡವೇರುವುದೆಂಬುದು ರೇಲಿಯವರ ಸ್ವಂತ ಫಲಿತಾಂಶ. ಅದೇ ಹಂತದಲ್ಲಿ ಕುಹರದ ನಡುವಣ ಗಟ್ಟಿ ಗೋಳವೊಂದಕ್ಕೆ ನೀರು ಬಡಿದು ನಿಂತರೆ ೧೦,೩೦೦ ವಾಯುಮಂಡಲಗಳೆಂಬುದು ಕುಕ್ ಅವರ ಲೆಕ್ಕ. ಎರಡನೆಯದು ದೊಡ್ಡದಾದುದರಿಂದ ಅದೇ ಉಲ್ಲೇಖಕಾರರ ಬಾಯಲ್ಲಿ ಉಳಿಯಿತು. ಆದರೆ ಗುಳ್ಳೆಯ ನಟ್ಟನಡುವೆ ಉಕ್ಕಿನ ಗುಂಡನ್ನಿಟ್ಟುಕೊಂಡ ಪಂಪು ಎಲ್ಲಿಯೂ ಇಲ್ಲ. ಲೋಹವಿರುವುದು ಗುಳ್ಳೆಯ ಒಂದು ಪಕ್ಕದಲ್ಲಿ. ಅಂಥ ಅಡ್ಡಿಯು ಯಂತ್ರದಲ್ಲಿ ಎಲ್ಲಿದೆಯೆಂಬ ಪ್ರಶ್ನೆಯನ್ನು ರೇಲಿಯವರು ಎತ್ತದೆ ಬಿಟ್ಟುದು ಪ್ರಬಂಧದ ನಿಜವಾದ ನ್ಯೂನತೆ.

ಪಕ್ಕದಲ್ಲಿ ಗೋಡೆಯಿದ್ದರೆ ಗೋಳವು ಗೋಳವಾಗಿ ಉಳಿಯಲಾರದು. ಗೋಡೆಯ ಕಡೆಯಿಂದ ನೀರು ಸುಲಭವಾಗಿ ಬರಲಾರದು. ಎದುರು ಕಡೆಯಿಂದ ನುಗ್ಗಿ, ಗುಳ್ಳೆಯ ಬೆನ್ನನ್ನು ತಗ್ಗಿಸಿ, ಸಣ್ಣ ಧಾರೆಯಾಗಿ ಅದನ್ನು ಭೇದಿಸಿಕೊಂಡು ಲೋಹವನ್ನು ಬಡಿಯುತ್ತದೆ. ಈ ಊಹೆಯನ್ನು ೧೯೪೪ರಲ್ಲಿ ಕೊರ್ನ್‌ಫೆಲ್ಡ್ ಮತ್ತು ಸುವೊರೊವ್ ಅವರು ಮುಂದಿಟ್ಟರು; ೧೯೬೬ರಲ್ಲಿ ಬೆಂಜಮಿನ್ ಮತ್ತು ಎಲ್ಲಿಸ್ ಅವರ ಛಾಯಾಚಿತ್ರಗಳಲ್ಲಿ ಆ ಧಾರೆ ಕಣ್ಣಿಗೇ ಕಂಡಿತು. ಗಾಯದಲ್ಲಿ ಧಾರೆಯ ಪಾಲೆಷ್ಟು, ಕುಸಿತದ ಕೊನೆಯಲ್ಲಿ ಹೊಮ್ಮುವ ಆಘಾತತರಂಗದ ಪಾಲೆಷ್ಟು ಎಂಬ ಚರ್ಚೆ ಇನ್ನೂ ಮುಗಿದಿಲ್ಲ.

ಇಷ್ಟರಿಂದ ರೇಲಿಯವರ ಯೋಗ್ಯತೆ ಕುಂದುವುದೆಂದು ತಿಳಿಯಲಾಗದು. ಬರಿದಾದ ಕುಹರವೆಂದು ಭಾವಿಸಿದರೆ ಕೊನೆಯ ವೇಗವು ಅನಂತವಾಗುವುದೆಂಬ ಅಸಂಗತಿಯನ್ನು ಅವರು ಮರೆಮಾಚಲಿಲ್ಲ. ಒಳಗೆ ಅನಿಲವನ್ನಿಟ್ಟು, ಗುಳ್ಳೆಯು ಒಂದು ಮಿತಿಯವರೆಗೆ ಕುಗ್ಗಿ ಮತ್ತೆ ಹಿಗ್ಗುವುದನ್ನು ತೋರಿಸಿದರು. ೧೯೪೯ರಲ್ಲಿ ಪ್ಲೆಸೆಟ್ ಅವರು ಮೇಲ್ಮೈಯ ಎಳೆತವನ್ನೂ ಕಾಲದೊಡನೆ ಮಾರ್ಪಡುವ ಒತ್ತಡವನ್ನೂ ಸೇರಿಸಿ ಬೆಳಸಿದ್ದು ಇದೇ ಸಮೀಕರಣವನ್ನು. ಗೋಡೆಯಿಂದ ದೂರದಲ್ಲಿರುವ ಗುಳ್ಳೆಗೆ ಅದು ಇಂದಿಗೂ ಸಲ್ಲುತ್ತದೆ. ಸಲ್ಲದುದು ತೂತುಬಿದ್ದ ಇಂಪೆಲರಿನ ಚಿತ್ರದ ಕೆಳಗೆ ೧೦,೩೦೦ ಎಂಬ ಸಂಖ್ಯೆಯನ್ನು ಬರೆದು, ರೇಲಿಯವರ ಹೆಸರನ್ನು ಹಾಕುವ ಪದ್ಧತಿ.