ಲಿಂಬೆಯ ಬುಡಕ್ಕೆ ದ್ರಾಕ್ಷಿಯ ಕಡ್ಡಿ

ಅಕ್ಟೋಬರ್ ಬಂತೆಂದರೆ ನಾನು ಭಿಕ್ಷೆಗೆ ಹೊರಡುತ್ತೇನೆ. ಜೋಳಿಗೆಯ ಬದಲು ಬಾಡಿಗೆ ಟ್ರ್ಯಾಕ್ಟರು. ಬಬಲೇಶ್ವರ, ತಿಕೋಟಾ ಕಡೆಯ ದ್ರಾಕ್ಷಿ ತೋಟಗಳಲ್ಲಿ ಆಗ ಚಾಟಣಿ ಜೋರು. ಕತ್ತರಿ ಹಿಡಿದ ಆಳುಗಳು ಮುಂದಿನ ಸಾಲಿಗೆ ಹೋಗುವಷ್ಟರಲ್ಲಿ ಹಿಂದಿನ ಸಾಲಿನ ತುಂಬ ಕಡ್ಡಿ ಬಿದ್ದಿರುತ್ತದೆ. ಎರಡು ದಿನ ತಡವಾದರೆ ಅದು ಬದುವಿಗೆ ಹೋಗಿ ಬೂದಿಯಾಗಿರುತ್ತದೆ.

“ಒಲಿಗೆ ಬೇಕಾಗಿತ್ತೇನ್ರಿ ಸರ?” ಎಂದು ತೋಟದ ಯಜಮಾನರು ಕೇಳುತ್ತಾರೆ.

“ಇಲ್ರಿ, ಲಿಂಬಿ ಗಿಡದ ಬುಡಕ್ಕ.”

“ಬುಡಕ್ಕ ಕಟಗಿ ಹಾಕಿದ್ರ ಗೆದ್ದಲ ಏಳತಾವಲ್ರಿ!”

ಏಳುತ್ತವೆ. ಆ ಮಾತಿಗೆ ಆಮೇಲೆ ಬರುತ್ತೇನೆ.

ಮುಳವಾಡದ ಹತ್ತಿರ ನನ್ನದು ಹನ್ನೆರಡು ಲಿಂಬೆ, ನಾಲ್ಕು ಮಾವು, ಎರಡು ಪೇರಲದ ಪುಟ್ಟ ತೋಟ. ಹಣ್ಣಿನ ಗಿಡದ ಬುಡಕ್ಕೆ ಕಟ್ಟಿಗೆ ಚಕ್ಕೆ ಹೊದಿಸುವ ಹುಚ್ಚು ಹಿಡಿದದ್ದು ಅಲ್ಲಿ. ಆದರೆ ಗಿಡಮರ ಕಡಿಮೆಯಿರುವ ನಮ್ಮ ಸೀಮೆಯಲ್ಲಿ ಕಟ್ಟಿಗೆಯನ್ನು ಮಣ್ಣಿಗೆ ಹಾಕುತ್ತೇನೆಂದರೆ ಜನ ಮುಖ ಮುಖ ನೋಡುತ್ತಾರೆ. ಇಲ್ಲಿಯ ಲೆಕ್ಕ ಹಳೆಯದು: ಕಟಗಿ ಒಲಿಗೆ, ಕಣಿಕಿ ದನಕ್ಕ, ಸಗಣಿ ಕುಳ್ಳಿಗೆ. ಭೂಮಿತಾಯಿಯ ಪಾಲಿಗೆ ಏನೂ ಉಳಿಯುವುದಿಲ್ಲ. ಶಿರಸಿ, ಸಿದ್ದಾಪುರದ ಅಡಿಕೆ ತೋಟಿಗರಿಗೆ ಈ ತಾಪತ್ರಯವಿರಲಿಲ್ಲ. ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟವನ್ನು ಬ್ರಿಟಿಷರ ಕಾಲದಲ್ಲೇ ಬಿಟ್ಟುಕೊಟ್ಟಿದ್ದರು. ನಮಗೆ ಬೆಟ್ಟವೂ ಇಲ್ಲ, ಸೊಪ್ಪೂ ಇಲ್ಲ. ಇದ್ದದ್ದು ಎರೆಮಣ್ಣು.

ಎರೆಮಣ್ಣಿನ ಗುಣ ಗೊತ್ತಿಲ್ಲದವನಿಗೆ ಹೊದಿಕೆಯ ಬೆಲೆ ತಿಳಿಯುವುದಿಲ್ಲ. ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಾಯಿ ಬಿಡುತ್ತದೆ. ಮಾರ್ಚ್‌ನಲ್ಲಿ ನನ್ನ ಮಾವಿನ ಗಿಡದ ಬಳಿ ಒಂದು ಬಿರುಕಿನಲ್ಲಿ ಕೈ ಇಳಿಬಿಟ್ಟೆ, ಮೊಣಕೈವರೆಗೂ ಹೋಯಿತು. ಆ ಬಿರುಕಿನ ಗೋಡೆಗಳಿಂದಲೂ ತೇವ ಆರಿಹೋಗುತ್ತದೆ, ಸಣ್ಣ ಬೇರುಗಳೂ ಹರಿಯುತ್ತವೆ. ಲಿಂಬೆಗಂತೂ ಇದು ಪ್ರಾಣಸಂಕಟ. ಅದರ ಉಣ್ಣುವ ಬೇರುಗಳೆಲ್ಲ ಮೇಲಿನ ಒಂದೆರಡು ಅಡಿಯಲ್ಲೇ ಇರುತ್ತವೆ.

ನಮ್ಮ ಹಿರಿಯರು ಇದನ್ನು ಬಲ್ಲರು. ಬಿಳಿಜೋಳಕ್ಕೆ ಮೂರು ಮೂರು ಸಲ ಎಡೆ ಹೊಡೆಯುತ್ತಿದ್ದದ್ದು ಬರೀ ಕಸ ತೆಗೆಯಲಿಕ್ಕಲ್ಲ, ಎರಿಯ ಬಾಯಿ ಮುಚ್ಚಲಿಕ್ಕೆ. ಎಡೆಕುಂಟೆ ಎಬ್ಬಿಸಿದ ಪುಡಿಮಣ್ಣೇ ಹೊದಿಕೆ. ಹಿಂಗಾರಿ ಜೋಳ ಮಳೆಯಿಲ್ಲದೆ, ನೆಲದಲ್ಲಿ ಉಳಿದ ತೇವದ ಮೇಲೆ ತೆನೆ ಕಟ್ಟುವುದು ಆ ಪುಡಿಮಣ್ಣಿನ ಋಣದಿಂದ. ಸೊಲ್ಲಾಪುರ, ರಾಯಚೂರು, ಹಗರಿಯ ಜೊತೆಗೆ ನಮ್ಮ ವಿಜಯಪುರದಲ್ಲೂ 1930ರ ದಶಕದಲ್ಲೇ ಒಣಬೇಸಾಯದ ಸಂಶೋಧನೆ ಶುರುವಾಯಿತು. ಮುಂದೆ ಎರೆಭೂಮಿಯ ಸಂಶೋಧಕರು ಇನ್ನೊಂದು ಉಪಾಯ ಹೇಳಿದರು: ಹೊಲದಲ್ಲಿ ಅಲ್ಲಲ್ಲಿ ಕಾಲುವೆ ತೋಡಿ, ಜೋಳದ ಕೂಳೆಯನ್ನು ತುದಿ ಮೇಲೆ ಕಾಣುವಂತೆ ನಿಲ್ಲಿಸಿ ತುಂಬುವುದು. ಹರಿದುಹೋಗುವ ಮಳೆನೀರು ಆ ಕೂಳೆಯ ಸಂದಿನಿಂದ ಒಳಗಿಳಿಯುತ್ತದೆ. ಮಲಗಿಸುವ ಹೊದಿಕೆಯಲ್ಲ, ನಿಲ್ಲಿಸುವ ಹೊದಿಕೆ. ನನ್ನ ಲಿಂಬೆ ಸಾಲುಗಳ ನಡುವೆ ಈಗ ಇಂಥ ಎರಡು ಕಾಲುವೆಗಳಿವೆ, ಕೂಳೆಯ ಬದಲು ತೊಗರಿ ಕಟ್ಟಿಗೆ.

ಜೋಳದ ಹೊಲದಲ್ಲಿ ಎಡೆ ಹೊಡೆದ ಹಾಗೆ ಲಿಂಬೆಯ ಬುಡದಲ್ಲಿ ಕೆದರುವಂತಿಲ್ಲ, ಬೇರು ಹರಿಯುತ್ತದೆ. ಕೆದರದೆ ಬಾಯಿ ಮುಚ್ಚಿಸಬೇಕಾದರೆ ಮೇಲೆ ಏನಾದರೂ ಹೊದಿಸಲೇಬೇಕು.

ಮೊದಲ ವರ್ಷ ನಾನು ಎರಡು ತಪ್ಪು ಮಾಡಿದೆ. ಕಟ್ಟಿಗೆ ಅಡ್ಡೆಯಿಂದ ಗರಗಸದ ಹೊಟ್ಟು ತಂದು ಸುರಿದೆ. ಒಂದೇ ಮಳೆಗೆ ಅದು ಹಪ್ಪಳದಂತೆ ಗಟ್ಟಿಯಾಗಿ, ನೀರು ಒಳಗಿಳಿಯದೆ ಬದುವಿಗೆ ಹರಿಯಿತು. ಎರಡನೆಯದು ದೊಡ್ಡ ತಪ್ಪು. ಗಿಡಕ್ಕೆ ಶಾಲು ಹೊದಿಸುವ ಪ್ರೀತಿಯಲ್ಲಿ ಕಾಂಡಕ್ಕೆ ಒತ್ತಿ ಗುಡ್ಡೆ ಹಾಕಿದೆ. ಮಳೆಗಾಲ ಮುಗಿಯುವಷ್ಟರಲ್ಲಿ ತೊಗಟೆ ಕೊಳೆತು ಅಂಟು ಸೋರತೊಡಗಿತು. ಫೈಟಾಫ್ತೊರಾ ಎಂಬ ಶಿಲೀಂಧ್ರದಂಥ ಜೀವಿಯ ಕೆಲಸ. ಬೋರ್ಡೋ ಮುಲಾಮು ಸವರಿದೆ, ತಡವಾಗಿತ್ತು. ಹದಿಮೂರಿದ್ದದ್ದು ಈಗ ಹನ್ನೆರಡು. ಅಂದಿನಿಂದ ಕಾಂಡದಿಂದ ಒಂದು ಗೇಣು ಬರಿನೆಲ, ಅಲ್ಲಿಂದ ಕೊಂಬೆಯ ನೆರಳಿನ ಅಂಚಿನವರೆಗೆ ನಾಲ್ಕು ಬೆರಳು ದಪ್ಪ ಚಕ್ಕೆ. ಇಷ್ಟೇ ಅಳತೆ.

ಯಾವ ಕಟ್ಟಿಗೆ ಎಂಬುದರಲ್ಲಿ ಮಾತ್ರ ನಾನು ಸ್ವಲ್ಪ ಷೋಕಿಯ ಮನುಷ್ಯ. ಬಡಿಗೇರರ ಅಂಗಳದ ಬಾಚಿ ಚಕ್ಕೆ ನೋಡಲು ಚೆಂದ, ಆದರೆ ಅದು ದಿಮ್ಮಿಯ ತಿರುಳು, ಸತ್ವ ಕಡಿಮೆ. ಕರಿಜಾಲಿ ಎರಡು ವರ್ಷವಾದರೂ ಕರಗದು. ಬಳ್ಳಾರಿ ಜಾಲಿ ಬೇಕಾದಷ್ಟು ಸಿಗುತ್ತದೆ, ಕಾಯಿ ಇಲ್ಲದ ಕೊಂಬೆಯನ್ನಷ್ಟೇ ತರಬೇಕು. ಇಲ್ಲವಾದರೆ ಲಿಂಬೆ ತೋಟ ಜಾಲಿ ತೋಟವಾದೀತು. ಬೇವಿನ ರೆಂಬೆ ಉತ್ತಮ. ದಾಳಿಂಬೆಯ ಚಾಟಣಿ ಕಡ್ಡಿಯನ್ನು ಯಾರು ಪುಕ್ಕಟೆ ಕೊಟ್ಟರೂ ಮುಟ್ಟುವುದಿಲ್ಲ, ದುಂಡಾಣು ಅಂಗಮಾರಿ ಅದರಲ್ಲೇ ಕೂತಿರುತ್ತದೆ. ಅದನ್ನು ಸುಡುವುದೇ ಸರಿ. ಕಜ್ಜಿ ಹತ್ತಿದ ಲಿಂಬೆಯ ಕೊಂಬೆಗೂ ಇದೇ ಮಾತು.

ಎಲ್ಲಕ್ಕಿಂತ ಮೇಲು ದ್ರಾಕ್ಷಿ ಕಡ್ಡಿ. ಕೆನಡಾದ ಕ್ವಿಬೆಕ್‌ನಲ್ಲಿ ಲಾವಾಲ್ ವಿಶ್ವವಿದ್ಯಾಲಯದ ಜಿಲ್ ಲೆಮ್ಯೂ ಮತ್ತು ಸಂಗಡಿಗರು ಏಳು ಸೆಂಟಿಮೀಟರಿಗಿಂತ ತೆಳ್ಳಗಿನ ಕೊಂಬೆಗಳ ಚಕ್ಕೆಯ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದರು. ಮರದ ಪೋಷಕಾಂಶ ಹೆಚ್ಚಾಗಿ ಇರುವುದು ದಿಮ್ಮಿಯಲ್ಲಲ್ಲ, ಇಂಥ ಎಳೆಯ ಕೊಂಬೆಗಳಲ್ಲಿ ಎಂಬುದು ಅವರ ಮಾತಿನ ಸಾರ. ನಮ್ಮ ಚಾಟಣಿ ಕಡ್ಡಿ ಹೆಬ್ಬೆರಳಿಗಿಂತ ದಪ್ಪವಿರುವುದಿಲ್ಲ. ಎಪ್ರಿಲ್ ಚಾಟಣಿಯಲ್ಲಿ ಬಲಿತ ಕಡ್ಡಿ ರಾಶಿ ರಾಶಿ, ಅಕ್ಟೋಬರಿನಲ್ಲಿ ತುದಿಯ ಕಡ್ಡಿ. ಹಸಿಯಿದ್ದಾಗಲೇ ಕತ್ತರಿಸಬೇಕು, ಒಣಗಿದರೆ ಚಕ್ಕೆ ಮಾಡುವ ಯಂತ್ರದ ಅಲಗು ಮುಕ್ಕಾಗುತ್ತದೆ. ದ್ರಾಕ್ಷಿಗೆ ಹೊಡೆಯುವ ಔಷಧದ ಲೆಕ್ಕ ನಿಮಗೆ ಗೊತ್ತೇ ಇದೆ, ಅದರ ಅಂಶ ಕಡ್ಡಿಯಲ್ಲೂ ಉಳಿದಿರಬಹುದು. ಹಾಗಾಗಿ ನಾನು ಎಪ್ರಿಲ್‌ನ ಚಕ್ಕೆಯನ್ನು ಗುಡ್ಡೆ ಹಾಕಿ ಮಳೆಗಾಲ ಕಳೆಸುತ್ತೇನೆ, ಅಕ್ಟೋಬರಿನದನ್ನು ಮುಂದಿನ ವರ್ಷಕ್ಕೆ ಕೂಡಿಡುತ್ತೇನೆ. ಮಳೆ ಕುಡಿದ ಗುಡ್ಡೆಯನ್ನು ಕೈಯಿಂದ ಬಿಡಿಸಿದರೆ ಒಳಗೆ ಬಿಳಿ ಎಳೆಗಳ ಜಾಲ, ಮೊದಲ ಮಳೆಯ ಹೊಲದ ವಾಸನೆ. ಆ ವಾಸನೆ ಬಂದರೆ ಚಕ್ಕೆ ಪಕ್ವವಾಯಿತೆಂದು ಲೆಕ್ಕ.

ಹಸಿ ಚಕ್ಕೆ ಮಣ್ಣಿನ ಸಾರಜನಕ ತಿನ್ನುತ್ತದೆ ಎಂಬ ಹೆದರಿಕೆ ಓದಿದವರಲ್ಲಿ ಹೆಚ್ಚು. ಮಣ್ಣಿನಲ್ಲಿ ಬೆರೆಸಿದರೆ ನಿಜ. ಮೇಲೆ ಹಾಸಿಟ್ಟರೆ ಅದರ ಪರಿಣಾಮ ಮಣ್ಣು-ಚಕ್ಕೆ ಕೂಡುವ ತೆಳು ಪದರಕ್ಕಷ್ಟೇ. ಬೆರೆಸಬೇಡಿ, ಮುಗಿಯಿತು.

ಹಾಸುವ ಹೊತ್ತು ಮುಖ್ಯ. ಮೇ ತಿಂಗಳಲ್ಲಿ ಒಣ ನೆಲದ ಮೇಲೆ ಹಾಸಿದರೆ ಸಣ್ಣ ಮಳೆಯನ್ನೆಲ್ಲ ಚಕ್ಕೆಯೇ ಕುಡಿದುಬಿಡುತ್ತದೆ, ಬೇರಿಗೆ ಹನಿಯೂ ಇಲ್ಲ. ಉತ್ತರಿ, ಹಸ್ತಾ ಮಳೆ ಸುರಿದು ಎರೆ ಹೊಟ್ಟೆ ತುಂಬ ಕುಡಿದ ಮೇಲೆ ಹೊದಿಸಬೇಕು.

ಇಲ್ಲಿ ಇಂಡಿ ತಾಲ್ಲೂಕಿನ ಲಿಂಬೆ ಬೆಳೆಗಾರರು ನನ್ನನ್ನು ತಡೆಯುತ್ತಾರೆ, ಅವರ ಮಾತಿನಲ್ಲಿ ತೂಕವಿದೆ. ಇಂಡಿ ಲಿಂಬೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಬಂದಿದೆ, ಅಲ್ಲೇ ಲಿಂಬೆ ಅಭಿವೃದ್ಧಿ ಮಂಡಳಿಯೂ ಇದೆ. ಆದರೆ ರೊಕ್ಕ ಬರುವುದು ಬೇಸಿಗೆಯ ಕಾಯಿಗೆ. ಬೇಸಿಗೆಯ ಕಾಯಿಗೆ ಹಸ್ತ ಬಹಾರದ, ಅಂದರೆ ಹಸ್ತಾ ಮಳೆಯ ಹೊತ್ತಿನ ಹೂವು ಬೇಕು, ಆ ಹೂವಿಗೆ ಮೊದಲು ಗಿಡವನ್ನು ನೀರಿಲ್ಲದೆ ಬಾಡಿಸಬೇಕು. ಬುಡದಲ್ಲಿ ತಂಪು ಹೊದಿಕೆಯಿದ್ದರೆ ಗಿಡ ಬಾಡುವುದೇ ಇಲ್ಲ, ಎಲೆ ಹಸಿರಾಗಿ ನಗುತ್ತ ನಿಲ್ಲುತ್ತದೆ, ಹೂವಿಲ್ಲ. ನನ್ನದು ಹನ್ನೆರಡೇ ಗಿಡ. ಮಘಾ ಮಳೆಯ ಹೊತ್ತಿಗೆ ದಂತಾಳಿಯಿಂದ ಚಕ್ಕೆಯನ್ನು ಸಾಲಿಗೆ ಸರಿಸಿ ಮಣ್ಣನ್ನು ಬಿಸಿಲಿಗೆ ಬಿಡುತ್ತೇನೆ, ಹೂ ಕಚ್ಚಿದ ಮೇಲೆ ಮರಳಿ ಎಳೆಯುತ್ತೇನೆ. ಹನ್ನೆರಡು ಎಕರೆಯಿದ್ದವರಿಗೆ ಈ ಉಪದೇಶ ಮಾಡುವ ಧೈರ್ಯ ನನಗಿಲ್ಲ.

ಗೆದ್ದಲಿನ ಮಾತು ಬಾಕಿಯಿತ್ತು. ಬಂದವು. ಸತ್ತ ಕಟ್ಟಿಗೆ ಬೇಕಾದಷ್ಟಿದ್ದುದರಿಂದ ಜೀವಂತ ತೊಗಟೆಯ ತಂಟೆಗೆ ಹೋಗಲಿಲ್ಲ. ಗೇಣಗಲ ಬರಿನೆಲ ಇದ್ದದ್ದರಿಂದ ಕಾಂಡಕ್ಕೆ ಮಣ್ಣು ಮೆತ್ತಿದರೆ ಕಣ್ಣಿಗೆ ಬೀಳುತ್ತದೆ, ಕೆರೆದು ಹಾಕಬಹುದು. ನನಗೆ ಹೆದರಿಕೆ ಚೇಳಿನದು. ಚಕ್ಕೆಯೊಳಗೆ ಕೈ ಹಾಕುವ ಮುಂಚೆ ಕೋಲಿನಿಂದ ಕೆದಕಿ, ಮಕ್ಕಳನ್ನಂತೂ ಬರಿಗಾಲಲ್ಲಿ ಬಿಡಬೇಡಿ. ಬೇಸಿಗೆಯಲ್ಲಿ ತೋಟದಲ್ಲಿ ಬೀಡಿ ಹಚ್ಚುವವರನ್ನೂ.

ಮುಳವಾಡ ಏತ ನೀರಾವರಿಯಿಂದ ಆಲಮಟ್ಟಿಯ ಕೃಷ್ಣೆ ಮೇಲೇರಿ ಬಂದಿದ್ದಾಳೆ, ಇನ್ನು ಈ ಕಸರತ್ತು ಯಾಕೆ ಎಂದು ಕೇಳುವವರಿದ್ದಾರೆ. ಕಾಲುವೆ ನೀರು ಕಂಡ ಎರೆಹೊಲ ಎಷ್ಟು ಬೇಗ ಸವಳು-ಜವಳಾಗುತ್ತದೆ ಎಂಬುದನ್ನು ಹಳೆಯ ನೀರಾವರಿ ಸೀಮೆಗಳಿಗೆ ಹೋಗಿ ನೋಡಬಹುದು. ಹೊದಿಕೆಯಿರುವ ಗಿಡಕ್ಕೆ ನಾನು ಮೊದಲು ನಾಲ್ಕು ದಿನಕ್ಕೊಮ್ಮೆ ಬಿಡುತ್ತಿದ್ದ ಹನಿ ನೀರನ್ನು ಈಗ ಎಂಟು ದಿನಕ್ಕೊಮ್ಮೆ ಬಿಡುತ್ತೇನೆ. ಕಳೆದ ಮೇ ತಿಂಗಳಲ್ಲಿ ಲಿಂಬೆಯ ಬುಡದಲ್ಲಿ ಬಿರುಕು ಹುಡುಕಿದೆ, ಬೆರಳು ಹೋಗುವಷ್ಟೂ ಸಿಗಲಿಲ್ಲ.

ದ್ರಾಕ್ಷಿ ಬೆಳೆಗಾರರಲ್ಲಿ ಒಂದು ಅರಿಕೆ. ಈ ಸಲದ ಚಾಟಣಿ ಕಡ್ಡಿಗೆ ಕಡ್ಡಿ ಗೀರುವ ಮುಂಚೆ ಎರಡು ದಿನ ತಡೆಯಿರಿ. ಟ್ರ್ಯಾಕ್ಟರ್ ಬಾಡಿಗೆ ನನ್ನದು.