ಬಿದಿರಿನ ಮುಳ್ಳು ಕಲಿಸಿದ ಪಾಠ

ಮುನವಳ್ಳಿಯ ಕಡೆ ಹೊಲದ ಬದುವಿನಲ್ಲಿ ಸಸಿ ನೆಟ್ಟ ರೈತ ಅದರ ಸುತ್ತ ಜಾಲಿಮುಳ್ಳು ಹಚ್ಚುತ್ತಾನೆ. ಆಡು, ದನ ಬಾಯಿ ಹಾಕದಿರಲಿ ಎಂಬುದು ಉದ್ದೇಶ. ಇಷ್ಟು ಸರಳ ಸಂಗತಿಯನ್ನು ಅರಣ್ಯ ನಿಯಮ ರೂಪಿಸುವವರು ಮರೆತದ್ದುಂಟು. ಉತ್ತರ ಕನ್ನಡ ಜಿಲ್ಲೆಯ ಬಿದಿರು ಇದಕ್ಕೆ ನಿದರ್ಶನ.

ದಂಡೇಲಿಯ ಕಾಗದದ ಕಾರ್ಖಾನೆ 1950ರ ದಶಕದ ಕೊನೆಯಲ್ಲಿ ಉತ್ಪಾದನೆ ಆರಂಭಿಸಿತು. ಸುತ್ತಲಿನ ಕಾಡಿನ ಬಿದಿರೇ ಅದರ ಮುಖ್ಯ ಕಚ್ಚಾವಸ್ತು. ಬಿದಿರು ಎಂದೆಂದಿಗೂ ಸಾಕಾಗುತ್ತದೆಂಬ ಅಂದಾಜು ಹುಸಿಯಾಗಿ, ಒಂದೂವರೆ ದಶಕದಲ್ಲೇ ಕೊರತೆಯ ಮಾತು ಕೇಳಿಬಂತು. 1970ರ ದಶಕದ ನಡುವಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳ್ ಮತ್ತು ಎಸ್.ಎನ್. ಪ್ರಸಾದ್ ಇದರ ಅಧ್ಯಯನಕ್ಕೆ ತೊಡಗಿದರು.

ಬಿದಿರಿನ ಮೆಳೆಯ ಬುಡದಲ್ಲಿ ಮುಳ್ಳಿನ ಹೊದಿಕೆ ಇರುತ್ತದೆ. ಅದನ್ನು ಸವರಿ ತೆಗೆದರೆ ಹೊಸ ಗಳಗಳಿಗೆ ಜಾಗ ಸಿಕ್ಕಿ ಬೆಳೆ ಹೆಚ್ಚುತ್ತದೆಂಬುದು ಅರಣ್ಯ ಇಲಾಖೆಯ ಪದ್ಧತಿಯಾಗಿತ್ತು. ಕೇಳಲು ಇದು ತರ್ಕಬದ್ಧವೇ. ಆದರೆ ಹಳ್ಳಿಯ ಜನ ಬೇರೆಯೇ ಹೇಳಿದರು: ಮುಳ್ಳು ಹೋದರೆ ಕಳಲೆ ಉಳಿಯದು. ಕ್ಷೇತ್ರಾಧ್ಯಯನ ಅವರ ಮಾತನ್ನೇ ಸಮರ್ಥಿಸಿತು. ಮಳೆಗಾಲದಲ್ಲಿ ಮೂಡುವ ಎಳೆಯ ಕಳಲೆಗಳು ಕಾವಲಿಲ್ಲದೆ ದನಗಳಿಗೂ ಕಾಡುಪ್ರಾಣಿಗಳಿಗೂ ಆಹಾರವಾಗುತ್ತಿದ್ದವು.

ಇಲ್ಲಿ ಟೀಕೆಗೆ ಅರ್ಹವಾದುದು ತಪ್ಪು ಊಹೆಯಲ್ಲ. ಊಹೆ ವಿಜ್ಞಾನದಲ್ಲಿ ಸಹಜ. ಕೆಲವು ಮೆಳೆಗಳನ್ನು ಸವರಿ, ಕೆಲವನ್ನು ಹಾಗೆಯೇ ಬಿಟ್ಟು, ಕಳಲೆಗಳನ್ನು ಎಣಿಸಿದ್ದರೆ ಎರಡು ಮೂರು ಮಳೆಗಾಲಗಳಲ್ಲೇ ಸತ್ಯ ತಿಳಿಯುತ್ತಿತ್ತು. ಹಾಗೆ ಪರೀಕ್ಷಿಸದೆ ಊಹೆಯನ್ನೇ ನಿಯಮವಾಗಿಸಿದ್ದು ದೋಷ.

ನಿಯಮವನ್ನು ಪ್ರಯೋಗವೆಂದು ಭಾವಿಸಿ, ಫಲಿತಾಂಶ ಅಳೆದು, ಅದರಂತೆ ನಿಯಮವನ್ನೇ ತಿದ್ದುವ ಕ್ರಮಕ್ಕೆ ಹೊಂದಾಣಿಕೆಯ ನಿರ್ವಹಣೆ ಎನ್ನುತ್ತಾರೆ. ಕೆನಡಾದ ಪರಿಸರ ವಿಜ್ಞಾನಿ ಸಿ.ಎಸ್. ಹಾಲಿಂಗ್ ಸಂಪಾದಿಸಿದ 1978ರ ಗ್ರಂಥದಿಂದ ಈ ವಿಚಾರ ಪ್ರಚಾರಕ್ಕೆ ಬಂತು. ನಮ್ಮ ಅರಣ್ಯ ಕಾರ್ಯಯೋಜನೆಗಳೂ ಸಾಮಾನ್ಯವಾಗಿ ಹತ್ತು ವರ್ಷಕ್ಕೊಮ್ಮೆ ಪರಿಷ್ಕರಣೆಗೊಳ್ಳುತ್ತವೆ. ಆದರೆ ಅವಧಿ ಮುಗಿಯಿತೆಂದು ತಿದ್ದುವುದು ಬೇರೆ, ಅಳತೆ ಹೇಳಿತೆಂದು ತಿದ್ದುವುದು ಬೇರೆ. ಹೆಬ್ಬಿದಿರು ಹೂ ಬಿಟ್ಟು ಸಾಯುವುದು ಸುಮಾರು 40 ವರ್ಷಗಳಿಗೊಮ್ಮೆ. ಹೀಗಿರುವಾಗ ಪ್ರತಿ ಯೋಜನೆಯ ಅಳತೆಗಳು ಮುಂದಿನ ಯೋಜನೆಗೆ ದಾಟದಿದ್ದರೆ ಕಲಿಕೆ ಸಾಧ್ಯವೇ?

ಶಾಲೆಗಳ ವನಮಹೋತ್ಸವಕ್ಕೂ ಈ ಮಾತು ಸಲ್ಲುತ್ತದೆ. ನಾವು ನೆಟ್ಟ ಸಸಿಗಳನ್ನು ಎಣಿಸುತ್ತೇವೆ, ಉಳಿದವನ್ನು ಎಣಿಸುವುದು ಅಪರೂಪ. ಶಿಕ್ಷಕರು ಮುಂದಿನ ಜುಲೈನಲ್ಲಿ ಒಂದೇ ಜಾತಿಯ 20 ಸಸಿ ನೆಡಿಸಲಿ. ಚೀಟಿ ಎತ್ತಿ ಹತ್ತಕ್ಕೆ ಮುಳ್ಳು ಕಟ್ಟಿಸಿ, ಹತ್ತನ್ನು ಹಾಗೆಯೇ ಬಿಡಲಿ. ನೀರು ಎಲ್ಲಕ್ಕೂ ಸಮನಾಗಿರಲಿ. ವಿದ್ಯಾರ್ಥಿಗಳು ತಿಂಗಳಿಗೊಮ್ಮೆ ಎತ್ತರ ಅಳೆದು, ಉಳಿದವನ್ನು ಎಣಿಸಿ ಬರೆದಿಡಲಿ. ಮುಂದಿನ ವರ್ಷ ಸಸಿ ನೆಡುವ ಮೊದಲು ಆ ಪುಸ್ತಕವನ್ನು ತೆರೆದು ನೋಡಲಿ.